ಪ್ರೋಟಾನಿಗಾಗಿ ಕಾದ ಮಾವ

ನನ್ನ ಪಿಎಚ್‌ಡಿಯ ವಿಷಯ ಯಾವುದೆಂದು ಕೇಳಿದವರು ಸಾಮಾನ್ಯವಾಗಿ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಲೇಸರ್ ಹೊಡೆದ ಪ್ಲಾಸ್ಮಾದಲ್ಲಿ ಆಘಾತ ತರಂಗಗಳು ಅಯಾನುಗಳಿಗೆ ವೇಗ ಕೊಡುವ ಬಗೆ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೇನು ಬರ. ಕಾಲೇಜಿನಲ್ಲಿ ನನ್ನ ಜೊತೆ ಭೌತಶಾಸ್ತ್ರ ಪಾಠ ಮಾಡುವವರೂ "ಓ, ಒಳ್ಳೇದು" ಎಂದು ಬುತ್ತಿ ಬಿಚ್ಚುತ್ತಾರೆ. ಎರಡನೆಯ ಪ್ರಶ್ನೆ ಕೇಳಿದವರು ನನ್ನ ಪಾಲಿಗೆ ಒಬ್ಬರೇ, ನನ್ನ ಸೋದರಮಾವ. ಅವರು ಅಲ್ಲಿಗೆ ನಿಲ್ಲದೆ ಮೂರನೆಯದನ್ನೂ ನಾಲ್ಕನೆಯದನ್ನೂ ಕೇಳಿದರು. ಆಮೇಲಿನ ಫಜೀತಿಯೆಲ್ಲ ಆ ನಾಲ್ಕನೆಯ ಪ್ರಶ್ನೆಯಿಂದ ಹುಟ್ಟಿದ್ದು.

ಮಾವ ನನ್ನ ಅಮ್ಮನ ಅಣ್ಣ. ಮೀಸೆ ಚಿಗುರುವ ವಯಸ್ಸಿನಲ್ಲಿ ಮುಂಬೈಗೆ ಹೋಗಿ, ಅಲ್ಲಿನ ಹೋಟೆಲುಗಳಲ್ಲಿ ಲೋಟ ತೊಳೆಯುವಲ್ಲಿಂದ ಗಲ್ಲದಲ್ಲಿ, ಅಂದರೆ ದುಡ್ಡು ತೆಗೆದುಕೊಳ್ಳುವ ಮೇಜಿನಲ್ಲಿ, ಕೂರುವವರೆಗೆ ಏರಿ, ಒಂದು ದಿನ ಸಾಕೆಂದು ಎದ್ದು ಬಂದವರು. ಬಂದ ಮೇಲೆ ಮಡಂತ್ಯಾರಿನ ಪೇಟೆಯಲ್ಲಿ ತಮ್ಮದೇ ಒಂದು ಹೋಟೆಲು ಹಾಕಿದರು. ಮದುವೆ ಮಾಡಿಕೊಳ್ಳಲಿಲ್ಲ. "ಹೋಟೆಲಿನವರಿಗೆ ಮದುವೆ ಎಂತಕ್ಕೆ, ಊಟ ಹೇಗೂ ಸಿಗ್ತದೆ" ಎನ್ನುತ್ತಾರೆ. ಸಿದ್ಧಕಟ್ಟೆಯ ಹತ್ತಿರದ ನಮ್ಮ ಕುಟುಂಬದ ಮನೆಯಲ್ಲಿ ಅವರು, ಅಮ್ಮ ಮತ್ತು ನಾನು ಇರುವುದು. ಮನೆಯ ಹಕ್ಕು ತಾಯಿಯ ಕಡೆಯಿಂದ ಇಳಿದು ಬರುವ ಸಂಸಾರ ನಮ್ಮದು. ಆದ್ದರಿಂದ ಅಪ್ಪ ಇದ್ದಾಗಲೂ ಮನೆಯ ಯಜಮಾನರು ಮಾವನೇ. ನನ್ನ ಶಾಲೆಯ ಚೀಲದಿಂದ ಹಿಡಿದು ಎಂಎಸ್ಸಿಯ ಹಾಸ್ಟೆಲಿನವರೆಗೆ ಎಲ್ಲ ಅವರ ತೀರ್ಮಾನ. ಹೈಸ್ಕೂಲು ಮುಗಿದಾಗ ನಾನು ಕಾಮರ್ಸ್ ತೆಗೆದುಕೊಳ್ಳುತ್ತೇನೆಂದು ಹಟ ಹಿಡಿದಾಗ, "ಹೋಟೆಲಿನ ಲೆಕ್ಕ ನಾನು ಬರೀತೇನೆ, ನೀನು ಬೇರೆ ಎಂತಾದ್ರೂ ಕಲಿ" ಎಂದವರು ಅವರು.

ಯಜಮಾನಿಕೆಗೆ ಒಂದು ದೊಡ್ಡ ಕೆಲಸ ಇದೆ. ವರ್ಷಕ್ಕೊಮ್ಮೆ ಮನೆಯ ದೈವಕ್ಕೆ ನೇಮ ಕೊಡುವ ರಾತ್ರಿ, ವೇಷ ಕಟ್ಟಿದವರ ಮೈಮೇಲೆ ದೈವ ಬಂದಾಗ, ಕುಟುಂಬದ ಪರವಾಗಿ ದೈವದ ಎದುರು ನಿಂತು ಮಾತಾಡಬೇಕಾದವರು ಅವರು. ಹೆಗಲ ಶಾಲನ್ನು ಸೊಂಟಕ್ಕೆ ಸುತ್ತಿ, ಕೈಮುಗಿದು, "ತಿಳಿದ ಮಟ್ಟಿಗೆ ನಡೆಸಿದ್ದೇವೆ, ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು" ಎಂದು ಶುರು ಮಾಡಿ, ಆ ವರ್ಷ ಮನೆಗೆ ಇರುವ ಕಷ್ಟವನ್ನು ಹೇಳಿ, ಕಡೆಗೆ ಒಂದು ನುಡಿ ಕೇಳುತ್ತಾರೆ. ದೈವ ನುಡಿ ಕೊಡುತ್ತದೆ. ಕೊಟ್ಟ ಮೇಲೆ ಅದಕ್ಕೆ ಎದುರು ಮಾತಿಲ್ಲ. ಮಾವ ಎಲ್ಲರ ಜೊತೆ ಎಲ್ಲದಕ್ಕೂ ವಾದ ಮಾಡುವವರು. ತರಕಾರಿಯವನ ಜೊತೆ, ಡಾಕ್ಟರರ ಜೊತೆ, ಟಿವಿಯಲ್ಲಿ ಮಾತಾಡುವವರ ಜೊತೆ ಕೂಡ. ನುಡಿ ಸಿಕ್ಕಿದ ಮೇಲೆ ಮಾತ್ರ ಅವರು "ಆಗಬಹುದು" ಎಂದು ಒಂದೇ ಮಾತು ಹೇಳಿ ಹಿಂದೆ ಸರಿಯುತ್ತಾರೆ.

ಎರಡನೆಯ ಪ್ರಶ್ನೆ ಅವರು ಕೇಳಿದ್ದು ಹೋಟೆಲಿನಲ್ಲಿ, ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾದವರು ಇನ್ನೂ ಬಾರದ ಹೊತ್ತಿನಲ್ಲಿ. ನಾನು ರಜೆಯಲ್ಲಿದ್ದೆ. ಒಳಗಿನಿಂದ ಬನ್ಸ್ ಕರಿಯುವ ವಾಸನೆ ಬರುತ್ತಿತ್ತು. ನಮ್ಮ ಮನೆಮಾತು ತುಳು. ನಾವು ಆಡಿದ್ದೂ ಅದರಲ್ಲೇ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ನೀನು ಅದರಲ್ಲಿ ಎಂತ ಮಾಡುವುದು, ನನಗೆ ಅರ್ಥ ಆಗುವ ಹಾಗೆ ಹೇಳು" ಎಂದರು.

ನಾನು ಹೇಳಿದೆ. ತುಂಬ ತೀಕ್ಷ್ಣವಾದ ಬೆಳಕನ್ನು, ಕಣ್ಣು ಮಿಟುಕಿಸುವ ಹೊತ್ತಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಸಣ್ಣ ಹೊತ್ತು, ಒಂದು ಚೂರು ಅನಿಲದ ಮೇಲೆ ಹೊಡೆಯುತ್ತಾರೆ. ಆ ಪೆಟ್ಟಿಗೆ ಪರಮಾಣುಗಳು ಒಡೆದು ಎಲೆಕ್ಟ್ರಾನು ಬೇರೆ, ಅಯಾನು ಬೇರೆ ಆಗುತ್ತವೆ. ಅದಕ್ಕೆ ಪ್ಲಾಸ್ಮಾ ಎನ್ನುವುದು. ಬೆಳಕು ಅದನ್ನು ಬಿಸಿ ಮಾಡುತ್ತದೆ, ಜೊತೆಗೆ ಮುಂದಕ್ಕೆ ದೂಡುತ್ತದೆ. ದೂಡಿದಲ್ಲಿ ಒತ್ತಾದ ಒಂದು ಅಂಚು ಎದ್ದು ಓಡತೊಡಗುತ್ತದೆ. ಅದೇ ಆಘಾತ ತರಂಗ. ಓಡುವ ಗೋಡೆ ಎಂದಿಟ್ಟುಕೊಳ್ಳಿ ಎಂದೆ. ಆ ಗೋಡೆಯ ಮುಖದಲ್ಲಿ ವಿದ್ಯುತ್ತಿನ ಬಲ ಇರುತ್ತದೆ. ಅದರ ದಾರಿಯಲ್ಲಿ ತಮ್ಮ ಪಾಡಿಗೆ ನಿಂತಿರುವ ಪ್ರೋಟಾನುಗಳಿಗೆ ಅದು ಬಂದು ತಾಗಿದರೆ...

"ಸರ್ವಿಸ್" ಎಂದರು ಮಾವ.

ಮಾವ ಒಂದು ಕಾಲದಲ್ಲಿ ವಾಲಿಬಾಲ್ ಆಡುತ್ತಿದ್ದರು. ಮುಂಬೈಯಲ್ಲೂ ಹೋಟೆಲಿಗೆ ರಜೆ ಇದ್ದ ದಿನ ಊರಿನವರೆಲ್ಲ ಸೇರಿ ಆಡುತ್ತಿದ್ದರಂತೆ. ಅವರು ಗಲ್ಲದಿಂದ ಎದ್ದು ನಿಂತು, ಇಲ್ಲದ ಚೆಂಡನ್ನು ಎಡಗೈಯಲ್ಲಿ ಮೇಲಕ್ಕೆ ಎಸೆದರು. "ಚೆಂಡು ಮೇಲೆ ಹೋಗಿ ಒಂದು ಗಳಿಗೆ ಸುಮ್ಮನೆ ನಿಲ್ತದಲ್ಲ, ಆಗ ಕೈ ಬಂದು ತಾಗ್ಬೇಕು. ಚೆಂಡು ಕೈಗಿಂತ ಜೋರು ಹೋಗ್ತದೆ."

"ನಮ್ಮದರಲ್ಲಿ ಗೋಡೆಯ ವೇಗದ ಎರಡು ಪಟ್ಟು ಹೋಗ್ತದೆ."

"ಎರಡು ಪಟ್ಟಾ? ಅದು ನನಗೆ ಗೊತ್ತಿರ್ಲಿಲ್ಲ ನೋಡು." ಸಂತೋಷದಿಂದ ಕೂತರು. ಮೂರನೆಯ ಪ್ರಶ್ನೆಯಾಗಿ ಅದರಲ್ಲಿ ಹೆಚ್ಚುಗಾರಿಕೆ ಏನೆಂದು ಕೇಳಿದರು. ಗೋಡೆಯ ವೇಗ ಒಂದೇ ಆದ್ದರಿಂದ ಅದಕ್ಕೆ ತಾಗಿ ಪುಟಿದ ಪ್ರೋಟಾನುಗಳ ವೇಗವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ಬೇರೆ ಕ್ರಮಗಳಲ್ಲಿ ಒಂದು ಹೀಗೆ ಒಂದು ಹಾಗೆ ಹೋಗುತ್ತವೆ ಎಂದೆ. ನಾಲ್ಕನೆಯದಾಗಿ, ಅದರಿಂದ ಲೋಕಕ್ಕೆ ಏನು ಉಪಯೋಗ ಎಂದು ಕೇಳಿದರು.

ನಮ್ಮ ವಿಷಯದಲ್ಲಿ ಬರುವ ಪ್ರಬಂಧಗಳ ಮೊದಲ ಪ್ಯಾರಾದಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ಈ ಪ್ರೋಟಾನುಗಳು ಮುಂದೆ ಗಡ್ಡೆಗಳ ಚಿಕಿತ್ಸೆಗೆ ಬಂದಾವು ಎಂದು. ಮದುವೆ ಕಾಗದದ ತಲೆಯಲ್ಲಿ ದೇವರ ಹೆಸರು ಹಾಕಿದ ಹಾಗೆ ಅದು. ಹಾಕದಿದ್ದರೆ ಮದುವೆ ನಿಲ್ಲುವುದಿಲ್ಲ, ಆದರೆ ಹಾಕದೆ ಯಾರೂ ಬಿಡುವುದಿಲ್ಲ. ನಾನು ಆ ಸಾಲನ್ನೇ ಮಾವನಿಗೂ ಹೇಳಿದೆ. ಪ್ರೋಟಾನು ದೇಹದೊಳಗೆ ಹೋಗುವಾಗ ದಾರಿಯಲ್ಲಿ ಹೆಚ್ಚು ತೊಂದರೆ ಮಾಡುವುದಿಲ್ಲ, ನಿಲ್ಲುವ ಜಾಗದಲ್ಲಿ ತನ್ನ ಬಲವನ್ನೆಲ್ಲ ಇಳಿಸುತ್ತದೆ. ಎಲ್ಲದರ ವೇಗ ಒಂದೇ ಆದರೆ ಎಲ್ಲವೂ ಒಂದೇ ಆಳದಲ್ಲಿ ನಿಲ್ಲುತ್ತವೆ. ಗಡ್ಡೆ ಎಲ್ಲಿದೆಯೋ ಅಲ್ಲಿ. ಆದರೆ ನಾನು ಮಾಡುವುದೆಲ್ಲ ಕಂಪ್ಯೂಟರಿನ ಒಳಗಿನ ಲೆಕ್ಕ, ನಿಜವಾದ ಲೇಸರನ್ನು ನಾನು ಒಮ್ಮೆ ಗಾಜಿನ ಆಚೆಯಿಂದ ನೋಡಿದ್ದು ಬಿಟ್ಟರೆ ಮುಟ್ಟಿದ್ದೂ ಇಲ್ಲ, ಇದೆಲ್ಲ ಆಗಲು ಇನ್ನೂ ಎಷ್ಟೋ ಕಾಲ ಬೇಕು ಎಂದೂ ಹೇಳಿದೆ.

ಹೇಳಿದ್ದನ್ನು ಅವರು ಕೇಳಿದರು. ಹೇಗೆ ಕೇಳಿದರು ಎನ್ನುವುದೇ ತೊಂದರೆ.

ನಮ್ಮ ಕಡೆ ಊಟಕ್ಕೆ ಕರೆದವರು ಬಡಿಸುವಾಗ "ಎಂತದ್ದೂ ಮಾಡ್ಲಿಲ್ಲ, ಬರೇ ಗಂಜಿ ಊಟ" ಎನ್ನುತ್ತಾರೆ. ಎಲೆಯಲ್ಲಿ ನೋಡಿದರೆ ಕೋರಿರೊಟ್ಟಿ, ಸುಕ್ಕ, ಪಾಯಸ ಎಲ್ಲ ಇರುತ್ತದೆ. ಹೊಸ ಮನೆ ಕಟ್ಟಿಸಿದವರು "ಒಂದು ಸಣ್ಣ ಸೂರು" ಎನ್ನುತ್ತಾರೆ, ಆ ಸೂರಿನಲ್ಲಿ ಮಾಳಿಗೆ ಹತ್ತಿ ಇಳಿಯುವಾಗ ನಮಗೆ ಏದುಸಿರು ಬರುತ್ತದೆ. ಮಗ ರ‍್ಯಾಂಕ್ ಬಂದರೆ "ಹೇಗೋ ಪಾಸಾದ". ತನ್ನದನ್ನು ತಾನು ದೊಡ್ಡದು ಎಂದವನಿಗೆ ಸಂಸ್ಕಾರ ಇಲ್ಲ ಎಂದು ಅರ್ಥ. ಹೀಗೆ ಬೆಳೆದ ಮಾವನಿಗೆ, ಬರೇ ಕಂಪ್ಯೂಟರಿನ ಲೆಕ್ಕ ಮಾವ, ನಮ್ಮದು ಇನ್ನೂ ಏನೂ ಆಗಿಲ್ಲ ಎಂದು ನಾನು ಹೇಳಿದ ಪ್ರತಿ ಮಾತೂ ಸೋದರಸೊಸೆಯನ್ನು ಚೆನ್ನಾಗಿ ಬೆಳೆಸಿದ್ದೇನೆ ಎಂಬುದಕ್ಕೆ ಸಾಕ್ಷಿಯಾಗಿ ಕೇಳಿಸಿತು. ಮರುದಿನದಿಂದ ಮಡಂತ್ಯಾರಿನಲ್ಲಿ ಚಹಾ ಕುಡಿಯಲು ಬಂದವರಿಗೆಲ್ಲ ನನ್ನ ಸೊಸೆ ಗಡ್ಡೆ ಕರಗಿಸುವ ಮಿಷಿನು ಮಾಡುತ್ತಿದ್ದಾಳೆ ಎಂಬ ಸುದ್ದಿ ಬನ್ಸಿನ ಜೊತೆ ಸಿಗತೊಡಗಿತು. ನಾನು ಕೋಪಿಸಿಕೊಂಡರೆ, "ನಿನಗೆ ನಿನ್ನ ಬೆಲೆ ಗೊತ್ತಿಲ್ಲ ಮಾರಾಯ್ತಿ" ಎಂದು ನಗುತ್ತಿದ್ದರು. ಆಗ ಅದು ನಗುವ ವಿಷಯವೇ ಆಗಿತ್ತು. ನಾನೂ ನಗುತ್ತಿದ್ದೆ.

ಅದಾಗಿ ಎರಡು ಮಳೆಗಾಲ ಕಳೆದಿರಬೇಕು. ಒಂದು ಬೆಳಿಗ್ಗೆ ಗಲ್ಲದಲ್ಲಿ ಕೂತ ಮಾವನಿಗೆ ಬಾಗಿಲಲ್ಲಿ ಇಬ್ಬರು ನಿಂತ ಹಾಗೆ ಕಂಡಿತು. ಒಳಗೆ ಬಂದದ್ದು ಒಬ್ಬರು. ಸಂಜೆ ಸ್ಕೂಟರಿನಲ್ಲಿ ಮನೆಗೆ ಬರುವಾಗ ರಸ್ತೆಯೂ ಎರಡಾಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಕಣ್ಣುಗಳ ಹಿಂದೆ, ತಲೆಬುರುಡೆಯ ತಳದಲ್ಲಿ ಒಂದು ಗಡ್ಡೆ ಇತ್ತು. ಮೂಗಿನ ದಾರಿಯಿಂದ ಹೋಗಿ ತೆಗೆಯಬಹುದಾದಷ್ಟನ್ನು ತೆಗೆದರು. ಉಳಿದದ್ದು ಕಣ್ಣಿನ ನರಕ್ಕೆ ಅಂಟಿಕೊಂಡಿತ್ತು. ಅದು ನಿಧಾನವಾಗಿ ಬೆಳೆಯುವಂಥದ್ದು, ಆದರೆ ಬೆಳೆದೇ ಬೆಳೆಯುತ್ತದೆ, ದೃಷ್ಟಿ ಹೋಗುತ್ತದೆ, ಅಲ್ಲಿಗೂ ನಿಲ್ಲುವುದಿಲ್ಲ ಎಂದರು ಡಾಕ್ಟರು. ಸಾಮಾನ್ಯ ವಿಕಿರಣ ಕೊಟ್ಟರೆ ನರಕ್ಕೂ ಪೆಟ್ಟು ಬೀಳುತ್ತದೆ. ಇಂಥದ್ದಕ್ಕೆ ಪ್ರೋಟಾನ್ ಚಿಕಿತ್ಸೆ ಒಳ್ಳೆಯದು, ಮುಂಬೈಯಲ್ಲಿ ಇದೆ, ತಡ ಮಾಡಬೇಡಿ ಎಂದರು.

ಪ್ರೋಟಾನ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಮಾವನ ಮುಖ ಅರಳಿತು. ಆಸ್ಪತ್ರೆಯ ಕುರ್ಚಿಯಲ್ಲಿ, ಮೂಗಿಗೆ ಹತ್ತಿ ತುರುಕಿಕೊಂಡು ಕೂತ ಮನುಷ್ಯನ ಮುಖ ಹಾಗೆ ಅರಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರು ನನ್ನ ಕಡೆ ತಿರುಗಿ, "ನಿಂದೇ ಅಲ್ವಾ?" ಎಂದರು.

ಅಲ್ಲಿಂದ ಮಾವ ಹಿಡಿದ ಹಟ ಇದು. ಮುಂಬೈಗೆ ಹೋಗುವುದಿಲ್ಲ. ಸೊಸೆಯ ಮಿಷಿನು ಆಗುವವರೆಗೆ ಕಾಯುವುದು. ಕನ್ನಡಕದ ಒಂದು ಗಾಜಿಗೆ ಬಿಳಿ ಸ್ಟಿಕ್ಕರ್ ಅಂಟಿಸಿಕೊಂಡು, ಒಂದೇ ಕಣ್ಣಿನಲ್ಲಿ ನೋಡುತ್ತ, ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಹೋಟೆಲಿಗೆ ಹೋಗತೊಡಗಿದರು. "ಆ ಬೊಂಬಾಯಿ ನನ್ನ ಪ್ರಾಯವನ್ನು ತಿಂದಿದೆ, ಕಣ್ಣನ್ನೂ ಅಲ್ಲಿಯೇ ಕೊಡ್ಬೇಕಾ? ಮನೆಯಲ್ಲೇ ಉಂಟಲ್ಲ, ಎಂತಕ್ಕೆ ಹೊರಗೆ ಹೋಗುವುದು?"

ನಾನು ಹೇಳದೆ ಬಿಟ್ಟ ಮಾತಿಲ್ಲ. ನೆಟ್ಟಗೆ ಹೇಳಿದೆ, ಅಳುತ್ತ ಹೇಳಿದೆ, ಬೈದು ಹೇಳಿದೆ. ಆಸ್ಪತ್ರೆಯಲ್ಲಿರುವುದು ಲೇಸರಿನದ್ದಲ್ಲ ಮಾವ, ದೊಡ್ಡ ಯಂತ್ರ, ಪ್ರೋಟಾನನ್ನು ಸುತ್ತು ಹೊಡೆಸಿ ಓಡಿಸುವುದು, ಒಂದು ಕಟ್ಟಡದಷ್ಟು ದೊಡ್ಡದು, ಬಳಸಿ ಪಳಗಿದ್ದು. ನಮ್ಮದು ಇನ್ನೂ ಎಂತದ್ದೂ ಅಲ್ಲ ಎಂದೆ. "ಅಷ್ಟು ದೊಡ್ಡದನ್ನು ನೀವು ಸಣ್ಣದು ಮಾಡಿದ್ದು, ಅಲ್ವಾ?" ಎಂದು ಅವರು ಹೆಮ್ಮೆಯಿಂದ ಅಮ್ಮನನ್ನು ನೋಡಿದರು. ನಮ್ಮದು ಎಂತದ್ದೂ ಅಲ್ಲ ಎನ್ನುವ ಮಾತು ನಮ್ಮ ಭಾಷೆಯಲ್ಲಿ ನಿಜ ಹೇಳಲಿಕ್ಕೆ ಉಳಿದೇ ಇಲ್ಲ. ನಾನು ಹೆಚ್ಚು ಹೇಳಿದಷ್ಟೂ ಅವರಿಗೆ ಹೆಚ್ಚು ನಂಬಿಕೆ ಬರುತ್ತಿತ್ತು. ಅಮ್ಮ ಹೇಳಿದರೆ, "ನಿನಗೆ ಮಗಳ ವಿದ್ಯೆಯಲ್ಲಿ ನಂಬಿಕೆ ಇಲ್ಲ" ಎಂದು ಅವಳ ಬಾಯಿ ಮುಚ್ಚಿಸಿದರು. ಡಾಕ್ಟರು ಫೋನು ಮಾಡಿದರೆ, ಅವರಿಗೂ ಆಘಾತ ತರಂಗದ ಪಾಠ ಮಾಡಿದರು. ವಾಲಿಬಾಲ್ ಸಮೇತ.

ನನ್ನ ಗೈಡಿಗೆ ಹೇಳಿಕೊಂಡೆ. ಅವರು ಮೂಡುಬಿದಿರೆಯ ಹಳೆಯ ಜೈನ ಮನೆತನದವರು, ಬಸದಿಯ ಪೂಜೆಯ ಉಸ್ತುವಾರಿ ಮುಗಿಸಿ ಕಾಲೇಜಿಗೆ ಬರುವವರು, ಸಿಟ್ಟು ಬಂದರೂ ದಯವಿಟ್ಟು ಎಂದು ಶುರು ಮಾಡುವವರು. "ನೀವು ಬೇಗ ವೈವಾ ಮುಗಿಸಿ. ಮುಗಿಯಿತು ಅಂದ ಮೇಲೆ ಮಿಷಿನು ಎಲ್ಲಿ ಅಂತ ಅವರೇ ಕೇಳ್ತಾರೆ. ಆಗ ತೋರಿಸ್ಲಿಕ್ಕೆ ಎಂತದ್ದೂ ಇರುವುದಿಲ್ಲವಲ್ಲ" ಎಂದರು. ಅದು ಅಷ್ಟು ದೊಡ್ಡ ಸಾಂತ್ವನವೇನೂ ಆಗಿರಲಿಲ್ಲ. ಆದರೂ ನಾನು ಬರೆದು ಮುಗಿಸಿದೆ. ಮಾವನ ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ತುಸು ದಪ್ಪವಾಗಿತ್ತು. ಅದನ್ನು ಅವರು ಯಾರಿಗೂ ಹೇಳಬೇಡ ಎಂದರು, ಸೊಸೆಗೆ ಓದುವಾಗ ಗಡಿಬಿಡಿಯಾಗಬಾರದೆಂದು. ಹೇಳಿದ್ದು ಅಮ್ಮನಿಗೆ. ಅಮ್ಮ ಬಂದು ನನಗೇ ಹೇಳಿದಳು.

ವೈವಾ ನಮ್ಮ ಕಾಲೇಜಿನ ಸೆಮಿನಾರ್ ಹಾಲಿನಲ್ಲೇ ನಡೆಯಿತು. ಒಬ್ಬ ಪರೀಕ್ಷಕರು ಎದುರಿಗೆ ಇದ್ದರು, ಇನ್ನೊಬ್ಬರು ಉತ್ತರ ಭಾರತದಿಂದ ಪರದೆಯಲ್ಲಿ. ವೈವಾಕ್ಕೆ ಯಾರು ಬೇಕಾದರೂ ಬಂದು ಕೂರಬಹುದು ಎಂದು ನಿಯಮವಿದೆ. ಸಾಮಾನ್ಯವಾಗಿ ಯಾರೂ ಬರುವುದಿಲ್ಲ, ಬಂದವರು ಕಡೆಗೆ ಕೊಡುವ ತಿಂಡಿಗಾಗಿ ಬರುತ್ತಾರೆ. ಅಮ್ಮ ರೇಷ್ಮೆ ಸೀರೆ ಉಟ್ಟು ಬಂದು ಹಿಂದೆ ಕೂತಳು. ಮಾವನದು ನೇಮಕ್ಕೆ ಉಡುವ ಬಿಳಿ ಮುಂಡು, ಹೆಗಲಿಗೆ ಜರಿಯ ಶಾಲು, ಒಂದು ಗಾಜು ಮುಚ್ಚಿದ ಕನ್ನಡಕ, ಎದುರಿನ ಸಾಲಿನ ನಡುವಿನ ಕುರ್ಚಿ. ಹೋಟೆಲಿನಿಂದ ಬನ್ಸ್ ಮತ್ತು ಗೋಳಿಬಜೆಯ ದೊಡ್ಡ ಡಬ್ಬಿಗಳನ್ನು ತರಿಸಿ ಬಾಗಿಲ ಹತ್ತಿರ ಇಡಿಸಿದ್ದರು. ನಾನು ಫೇಲಾಗುವ ಸಾಧ್ಯತೆಯನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಾನು ಮಾತಾಡಿದೆ. ಭಾರದ ಅಯಾನುಗಳ ಜೊತೆ ಹಗುರದ ಪ್ರೋಟಾನುಗಳನ್ನು ಬೆರೆಸಿದರೆ ಆಘಾತ ತರಂಗ ಹೇಗೆ ವರ್ತಿಸುತ್ತದೆ ಎನ್ನುವುದು ನನ್ನ ಕೆಲಸದ ಸಾರ. ಭಾರದವು ಸೇರಿ ಗೋಡೆ ಕಟ್ಟುತ್ತವೆ, ಆ ಗೋಡೆಗೆ ತಾಗಿ ಹಗುರದವು ಹಾರುತ್ತವೆ. ಮಾವ ತಲೆಯಾಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಆ ಮಾತಿನಲ್ಲಿ ಅವರಿಗೆ ತಿಳಿದ ಶಬ್ದ ಪ್ರೋಟಾನ್ ಒಂದೇ ಇರಬೇಕು, ಅದು ಬಂದಾಗಲೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು. ಪರದೆಯ ಪರೀಕ್ಷಕರು, ತುಂಬ ಪ್ರೋಟಾನುಗಳನ್ನು ದೂಡಿದರೆ ಗೋಡೆಯೇ ಸೋತು ನಿಧಾನ ಆಗುವುದಿಲ್ಲವೇ ಎಂದು ಕೇಳಿದರು. ಆಗುತ್ತದೆ, ಆಗ ಎಲ್ಲದರ ವೇಗ ಒಂದೇ ಇರುವುದಿಲ್ಲ, ಅದೇ ನಮ್ಮ ತಲೆನೋವು ಎಂದು ಚಿತ್ರ ತೋರಿಸಿದೆ. ಅವರು ಒಪ್ಪಿದರು. ಎದುರಿದ್ದವರೂ ಒಪ್ಪಿದರು. ಕಡೆಗೆ ಅಧ್ಯಕ್ಷರು ವಾಡಿಕೆಯಂತೆ, ಸಭೆಯಲ್ಲಿ ಯಾರಿಗಾದರೂ ಏನಾದರೂ ಕೇಳಲಿಕ್ಕಿದೆಯೇ ಎಂದು ಕನ್ನಡದಲ್ಲೂ ಒಮ್ಮೆ ಹೇಳಿದರು. ಕೇಳಲಿಕ್ಕೆ ಯಾರಿಗೂ ಇರುವುದಿಲ್ಲ. ಗೈಡ್ ಆಗಲೇ ಕಾಗದಗಳನ್ನು ಜೋಡಿಸುತ್ತಿದ್ದರು.

ಮಾವ ಎದ್ದರು.

ಮೊದಲು ಚಪ್ಪಲಿ ಬಿಟ್ಟರು. ಆಮೇಲೆ ಹೆಗಲ ಶಾಲನ್ನು ತೆಗೆದು ಸೊಂಟಕ್ಕೆ ಸುತ್ತಿದರು. ಆಗ ನನಗೆ ಅರ್ಥವಾಯಿತು. ಎಲ್ಲ ಮುಗಿದ ಮೇಲೆ ಸಭೆಯಲ್ಲಿ ಕೇಳಲಿಕ್ಕುಂಟಾ ಎಂದರೆ, ಅವರ ಲೆಕ್ಕದಲ್ಲಿ ಅದು ಯಜಮಾನ ಮುಂದೆ ಬರಬೇಕಾದ ಹೊತ್ತು. ಅವರು ನನ್ನ ಎದುರು ಬಂದು ನಿಂತು ಕೈಮುಗಿದರು. ಹಿಂದೆ ಅಮ್ಮನ ಬಳೆ ಸದ್ದಾಯಿತು. ಮನೆಯಲ್ಲಿ ತುಳುವಿನಲ್ಲಿ ಮಾತಾಡುವವರು, ಇದು ಕಾಲೇಜು ಎಂದು ಒಂದೊಂದೇ ಶಬ್ದ ಹುಡುಕಿ, ಪುಸ್ತಕದ ಕನ್ನಡದಲ್ಲಿ ಶುರು ಮಾಡಿದರು.

"ಸಭೆಯಲ್ಲಿ ಕೂತ ಹಿರಿಯರಿಗೂ, ಪರದೆಯಲ್ಲಿ ಕಾಣುವ ದೊಡ್ಡವರಿಗೂ ನಮಸ್ಕಾರ. ನಾವು ತಿಳಿದ ಮಟ್ಟಿಗೆ ಈ ಹುಡುಗಿಯನ್ನು ನಡೆಸಿಕೊಂಡು ಬಂದಿದ್ದೇವೆ. ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಈಗ ನಮಗೆ ಒಂದು ಮಾತು ಕೇಳಲಿಕ್ಕೆ ಉಂಟು." ತೆರೆದಿದ್ದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. "ಈ ಪ್ರೋಟಾನಿನ ಕೆಲಸ ನನ್ನ ಕಾಲದಲ್ಲಿ ಕೈಗೂಡುತ್ತದಾ, ಇಲ್ಲವಾ? ನಾನು ಕಾಯಬೇಕಾ, ಹೋಗಬೇಕಾ? ಒಂದು ನುಡಿ ಸಿಗಬೇಕು."

ಹಾಲಿನಲ್ಲಿ ಯಾರೋ ನಕ್ಕರು. ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ಗೋಡೆಗೆ ಹೇಳಿದ ಹಾಗೆ ಹೇಳಿದ್ದೇನೆ, ಈಗ ಪರೀಕ್ಷಕರ ಎದುರು ಕೇಳಬೇಕಾ ಎಂದು. ಆಮೇಲೆ ಅವರ ಮುಗಿದ ಕೈ ನೋಡಿದೆ. ಸೊಂಟಕ್ಕೆ ಸುತ್ತಿದ ಶಾಲು ನೋಡಿದೆ. ದೈವದ ಎದುರು ನಿಲ್ಲುವ ಹಾಗೆಯೇ ನಿಂತಿದ್ದರು. ಇಷ್ಟು ಕಾಲ ನಾನು ಮನೆಯ ಹುಡುಗಿಯಾಗಿ, ಮನೆಯ ಹುಡುಗಿ ಹೇಳಬೇಕಾದ ಹಾಗೆ ಹೇಳುತ್ತಿದ್ದೆ. ಆ ದನಿಯಲ್ಲಿ ಬಂದದ್ದೆಲ್ಲ ಅವರಿಗೆ ವಿನಯ. ನುಡಿ ಕೊಡುವವರು ವಿನಯ ಮಾಡುವುದಿಲ್ಲ. ಇಂದು ಅವರು ಕೇಳಿದ್ದು ಬೇರೆ ಜಾಗದಲ್ಲಿ ನಿಂತು. ನಾನೂ ಬೇರೆ ಜಾಗದಲ್ಲಿ ನಿಂತೇ ಉತ್ತರ ಕೊಡಬೇಕಾಗಿತ್ತು.

ಕೈಯಲ್ಲಿದ್ದ ಪಾಯಿಂಟರನ್ನು ಮೇಜಿನ ಮೇಲಿಟ್ಟೆ. ಮಾವ ಎಂದು ಕರೆಯಲಿಲ್ಲ.

"ಇಲ್ಲ" ಎಂದೆ. "ನಿಮ್ಮ ಕಾಲದಲ್ಲಿ ಆಗುವುದಿಲ್ಲ. ನಾವು ಮುಟ್ಟಿದ ಶಕ್ತಿ ಸಾಲುವುದಿಲ್ಲ. ಒಂದು ಹೊಡೆತದಲ್ಲಿ ಬಂದದ್ದು ಇನ್ನೊಂದು ಹೊಡೆತದಲ್ಲಿ ಬರುವುದಿಲ್ಲ. ಅದನ್ನು ಮನುಷ್ಯನ ಕಣ್ಣಿನ ಹಿಂದೆ ಬಿಡುವ ಧೈರ್ಯ ಇಂದು ಯಾರಿಗೂ ಇಲ್ಲ, ನನಗೂ ಇಲ್ಲ. ಬೊಂಬಾಯಿಯಲ್ಲಿ ಇರುವುದು ಹಳೆಯ ಕ್ರಮ, ಪಳಗಿದ ಕ್ರಮ. ಇನ್ನು ಕಾಯಬಾರದು. ಈ ತಿಂಗಳೇ ಹೋಗಬೇಕು. ಇದು ನುಡಿ."

ಆ ಕಡೆಯ ಮಾತನ್ನು ಬಳಸುವ ಅಧಿಕಾರ ನನಗಿಲ್ಲ ಎಂದು ಗೊತ್ತಿತ್ತು. ಬಳಸಿದೆ. ಮನೆಯ ದೈವ ನನ್ನನ್ನು ಒಮ್ಮೆ ಕ್ಷಮಿಸಲಿ ಎಂದುಕೊಂಡೆ.

ಮಾವ ವಾದ ಮಾಡುತ್ತಾರೆ ಎಂದೇ ಕಾದೆ. ಅವರು ತಲೆ ಬಗ್ಗಿಸಿದರು.

"ಆಗಬಹುದು" ಎಂದರು. "ನುಡಿ ಸಿಕ್ಕಿತು." ಶಾಲು ಬಿಚ್ಚಿ ಹೆಗಲಿಗೆ ಹಾಕಿ, ಚಪ್ಪಲಿ ಮೆಟ್ಟಿ ಕೂತರು.

ಪರದೆಯ ಪರೀಕ್ಷಕರು ಏನು ನಡೆಯಿತೆಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಗೈಡ್ ಕನ್ನಡಕ ಒರೆಸಿಕೊಳ್ಳುತ್ತ, ಈ ವಿಧಾನ ಚಿಕಿತ್ಸೆಗೆ ಬರಲು ಇನ್ನೆಷ್ಟು ಕಾಲ ಬೇಕೆಂದು ಸಭಿಕರೊಬ್ಬರು ಕೇಳಿದರು, ಅಭ್ಯರ್ಥಿ ಉತ್ತರಿಸಿದರು ಎಂದು ಬಹಳ ಗಂಭೀರವಾಗಿ ಹೇಳಿದರು. ಏನು ಉತ್ತರಿಸಿದರು ಎಂದು ಅವರು ಮತ್ತೆ ಕೇಳಿದರು. ಹೇಳಿದಾಗ ಅವರು ನಕ್ಕು, ಅಭ್ಯರ್ಥಿ ತನ್ನ ಪ್ರಬಂಧದ ಮೊದಲ ಪ್ಯಾರಾವನ್ನು ತಿದ್ದಿದರೆ ಒಳ್ಳೆಯದು ಎಂದರು. ನಾನು ತಿದ್ದಿದೆ. ನನಗೆ ಪದವಿ ಸಿಕ್ಕಿದ್ದು ಆ ಒಂದು ತಿದ್ದುಪಡಿಯ ಮೇಲೆ.

ಆಮೇಲೆ ಕಾರಿಡಾರಿನಲ್ಲಿ ಎಲ್ಲರೂ ಗೋಳಿಬಜೆ ತಿನ್ನುತ್ತಿದ್ದರು. ಮಾವ ಬಡಿಸುತ್ತಿದ್ದರು, ಚಟ್ನಿ ಸರಿಯಿಲ್ಲ, ಎಂತದ್ದೂ ಮಾಡ್ಲಿಲ್ಲ, ಬರೇ ಬಜೆ ಎಂದು ಒಬ್ಬೊಬ್ಬರಿಗೂ ಹೇಳುತ್ತ. ನನ್ನ ಹತ್ತಿರ ಬಂದವರು ತಟ್ಟೆಗೆ ಎರಡು ಬನ್ಸ್ ಹಾಕಿದರು. "ಬೊಂಬಾಯಿ ಬಸ್ಸಿಗೆ ಎರಡು ಸೀಟು ಹೇಳು. ಕಿಟಕಿ ಬದಿಯದ್ದು ನನಗೆ" ಎಂದು ಮುಂದೆ ಹೋದರು. ನಾನು ಬನ್ಸ್ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ನಿಂತು ಅತ್ತೆ.

ಮುಂಬೈಯಲ್ಲಿ ನಾವಿದ್ದಷ್ಟು ದಿನ ಮಾವ ಅಲ್ಲಿನ ನಮ್ಮವರ ಹೋಟೆಲುಗಳ ಸಾಂಬಾರಿನ ತಪ್ಪು ಹುಡುಕಿದರು. ಚಿಕಿತ್ಸೆಗೆ ಮುಖದ ಅಳತೆಗೆ ಮಾಡಿದ ಜಾಳಿಗೆಯ ಮುಖವಾಡ ಹಾಕಿ ಮಲಗಿಸುತ್ತಿದ್ದರು. ಮೊದಲ ದಿನ ಒಳಗೆ ಹೋಗುವಾಗ ಆ ದೊಡ್ಡ ಯಂತ್ರವನ್ನು ತಲೆಯೆತ್ತಿ ನೋಡಿ, "ಇದನ್ನೇ ಅಲ್ವಾ ನೀನು ಕೋಣೆಯೊಳಗೆ ಹಿಡಿಯುವ ಹಾಗೆ ಮಾಡ್ಬೇಕಾದ್ದು?" ಎಂದು ಕೇಳಿದರು. ಹೌದು ಎಂದೆ. "ದೊಡ್ಡ ಕೆಲಸ ಮಾರಾಯ್ತಿ" ಎಂದರು. ಅಂದು ಮೊದಲ ಬಾರಿಗೆ ಅವರಿಗೆ ನನ್ನ ಕೆಲಸ ಎಷ್ಟು ದೂರದ್ದು ಎಂದು ಕಂಡಿತು. ನನಗೂ ಕಂಡಿತು.

ಊರಿಗೆ ಬಂದು ಕೆಲವು ತಿಂಗಳ ಮೇಲೆ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿದಾಗ, ಗಡ್ಡೆ ಬೆಳೆದಿಲ್ಲ ಎಂದರು. ಹೋಗಿದೆ ಎನ್ನಲಿಲ್ಲ, ಬೆಳೆದಿಲ್ಲ ಎಂದರು. ನಮಗೆ ಅಷ್ಟು ಸಾಕಿತ್ತು. ಎರಡೆರಡು ಕಾಣುವುದು ನಿಧಾನವಾಗಿ ಕಡಿಮೆಯಾಯಿತು. ಮಾವ ಕನ್ನಡಕದ ಸ್ಟಿಕ್ಕರನ್ನು ಕಿತ್ತು ಗಲ್ಲದ ಮೇಜಿಗೆ ಅಂಟಿಸಿದರು. ಅದು ಈಗಲೂ ಅಲ್ಲೇ ಇದೆ.

ಆ ವರ್ಷದ ನೇಮಕ್ಕೆ ನಾನು ಅಮ್ಮನ ಜೊತೆ ಹೆಂಗಸರ ಸಾಲಿನಲ್ಲಿ ನಿಂತಿದ್ದೆ. ಮಾವ ಶಾಲನ್ನು ಸೊಂಟಕ್ಕೆ ಸುತ್ತಿ ದೈವದ ಎದುರು ಬಂದರು. ಎಂದಿನ ಮಾತುಗಳು ಎಂದಿನ ಹಾಗೆ ಬಂದವು. ಕಷ್ಟ ಹೇಳುವ ಜಾಗದಲ್ಲಿ, ಈ ವರ್ಷ ಕಣ್ಣು ಉಳಿಯಿತು ಎಂದರು. ಆಮೇಲೆ ಎಂದೂ ಹೇಳದ ಒಂದು ಮಾತು ಹೇಳಿದರು.

"ಈ ಮನೆಯ ಮಗಳು ನನಗೆ ಒಂದು ನುಡಿ ಕೊಟ್ಟಿದ್ದಳು. ಪ್ರಾಯ ಸಣ್ಣದು, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಹೋಗು ಎಂದಳು, ಹೋದೆ. ಅವಳು ಹೇಳಿದ್ದೆಲ್ಲ ನಿಜವಾಗಿದೆ." ಅವರು ಕತ್ತು ತಿರುಗಿಸದೆಯೇ ನನ್ನ ಕಡೆ ಕೈ ತೋರಿಸಿದರು. "ಆದರೆ ಅವಳ ಕೆಲಸ ನನ್ನ ಕಾಲದಲ್ಲಿ ಆಗುವುದಿಲ್ಲ ಎಂದಿದ್ದಾಳೆ. ಆ ಒಂದು ಮಾತು ಮಾತ್ರ ಸುಳ್ಳಾಗಬೇಕು. ಇಷ್ಟೇ ನನಗೆ ಕೇಳಲಿಕ್ಕೆ ಇರುವುದು."

ಅಮ್ಮ ನನ್ನ ಕೈ ಹಿಡಿದುಕೊಂಡಳು. ಎರಡು ಕಣ್ಣೂ ತೆರೆದು, ಕೈಮುಗಿದು, ಮಾವ ಉತ್ತರಕ್ಕಾಗಿ ಕಾಯುತ್ತಿದ್ದರು.